ಮೊದಲ 300 ಪೀಸು: ವ್ಯಾಯಾಮದ ಉಡುಪಿನ ಕಲೆಕ್ಷನ್ ಕಟ್ಟುವಾಗ ಯಾವುದನ್ನು ಆರಿಸಬೇಕು?

ವ್ಯಾಯಾಮದ ಉಡುಪಿನ ಸ್ವಂತ ಬ್ರ್ಯಾಂಡ್ ಮಾಡಬೇಕೆಂದು ನನ್ನ ಬಳಿ ಬರುವವರು ಮೊಬೈಲಿನಲ್ಲಿ ನಲವತ್ತು ಐವತ್ತು ಚಿತ್ರ ಕೂಡಿಸಿಕೊಂಡೇ ಬಂದಿರುತ್ತಾರೆ. ಹೆಸರು ಗೊತ್ತುಮಾಡಿರುತ್ತಾರೆ, ಲೋಗೋ ಬರೆಸಿರುತ್ತಾರೆ, ಕೆಲವರು ಪ್ಯಾಕಿಂಗ್ ಡಬ್ಬಿಗೂ ಮುಂಗಡ ಕೊಟ್ಟಿರುತ್ತಾರೆ. ಬಟ್ಟೆಯೊಂದನ್ನು ಬಿಟ್ಟು ಎಲ್ಲವೂ ತೀರ್ಮಾನವಾಗಿರುತ್ತದೆ. ಬೆಂಗಳೂರಿನ ಗಾರ್ಮೆಂಟ್ಸ್‌ಗಳಲ್ಲಿ ಹಲವು ವರ್ಷ ಮರ್ಚಂಡೈಸರ್ ಆಗಿ ದುಡಿದ ನನಗೆ ಈ ಕ್ರಮ ತಲೆಕೆಳಗಾಗಿ ಕಾಣುತ್ತದೆ. ಬೆವರುವವರು ಯಾರು ಎಂಬುದು ಮೊದಲು, ಆಮೇಲೆ ಬಟ್ಟೆ, ಆಮೇಲೆ ಹೊಲಿಸುವ ಜಾಗ, ಅದಾದ ಮೇಲೆಯೇ ಬಣ್ಣ ಮತ್ತು ಡಿಸೈನ್. ಈ ಸಾಲಿನಲ್ಲಿ ಹಿಂದಿನದು ಗಟ್ಟಿಯಾಗದೆ ಮುಂದಿನದನ್ನು ಹಿಡಿದವರು ಎರಡೆರಡು ಸಲ ಖರ್ಚು ಮಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಮಂಗಳೂರಿನಲ್ಲೋ ಕೂತು, ಸುಮಾರು 300 ಪೀಸಿನ ಮೊದಲ ಕಲೆಕ್ಷನ್ ತರಲು ಹೊರಟವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

ಯೋಗ, ಓಟ, ಜಿಮ್, ವಾಕಿಂಗ್: ಯಾರಿಗಾಗಿ?

"ಎಲ್ಲರಿಗೂ ಆಗುವಂಥದ್ದು" ಎಂಬ ಉತ್ತರವನ್ನು ನಾನು ಒಪ್ಪುವುದಿಲ್ಲ. ಯೋಗ ಮಾಡುವವರ ಮೈ ನಿಧಾನವಾಗಿ ಬಾಗುತ್ತದೆ, ದೂರದವರೆಗೆ ಚಾಚುತ್ತದೆ. ಅವರಿಗೆ ಬಟ್ಟೆ ನಾಲ್ಕೂ ದಿಕ್ಕಿಗೆ ಎಳೆಯಬೇಕು, ತಲೆ ಕೆಳಗೆ ಮಾಡಿದಾಗ ಅಂಗಿ ಜಾರಬಾರದು, ಸೊಂಟದ ಪಟ್ಟಿ ಮಡಚಿಕೊಳ್ಳಬಾರದು. ಓಡುವವರಿಗೆ ಎಳೆತ ಅಷ್ಟು ಬೇಡ. ಒಂದು ಗಂಟೆ ಒಂದೇ ಜಾಗವನ್ನು ಉಜ್ಜಿದರೂ ಚರ್ಮ ಕೆಂಪಾಗದ ಹೊಲಿಗೆ, ಬೇಗ ಒಣಗುವ ತೆಳು ಬಟ್ಟೆ ಅವರಿಗೆ ಬೇಕು. ಜಿಮ್‌ಗೆ ಹೋಗುವವರ ಬಟ್ಟೆ ಬೆಂಚಿಗೆ, ಕಬ್ಬಿಣದ ಸರಳಿಗೆ ತಿಕ್ಕುತ್ತದೆ, ಹಾಗಾಗಿ ಗುಂಜು ಏಳದಂಥ ಗಟ್ಟಿ ಹೆಣಿಗೆ ಬೇಕು. ಕಬಡ್ಡಿಯವರದ್ದು ಬೇರೆಯೇ ಲೋಕ. ಎದುರಾಳಿ ಹಿಡಿದೆಳೆದರೂ ಹರಿಯದ ಭುಜದ ಹೊಲಿಗೆಯೇ ಅಲ್ಲಿ ಜೀವಾಳ.

ನನ್ನ ಮಟ್ಟಿಗೆ, ನಮ್ಮ ಊರುಗಳಲ್ಲಿ ಯಾರೂ ಸರಿಯಾಗಿ ಕಣ್ಣು ಹಾಯಿಸದ ಗುಂಪು ಎಂದರೆ ಬೆಳಗಿನ ವಾಕಿಂಗ್ ಹೆಂಗಸರು. ಬೆಳಿಗ್ಗೆ ಆರಕ್ಕೆ ಲಾಲ್‌ಬಾಗಿನ ಗೇಟಿನಲ್ಲಿ ಹತ್ತು ನಿಮಿಷ ನಿಂತು ನೋಡಿ. ಚೂಡಿದಾರದ ಕೆಳಗೆ ಕ್ರೀಡಾ ಶೂ, ದುಪ್ಪಟ್ಟಾ ಸೊಂಟಕ್ಕೆ ಬಿಗಿದು, ಕೈಯಲ್ಲಿ ಮೊಬೈಲ್ ಮತ್ತು ಮನೆಯ ಕೀಲಿ ಹಿಡಿದು ನಡೆಯುವವರು ಎಷ್ಟು ಜನ! ಅಂಗಡಿಯಲ್ಲಿ ಸಿಗುವುದು ಬೇಡವೆಂದಲ್ಲ, ಅದು ಅವರ ಮೈಗೆ ಮತ್ತು ಮನಸ್ಸಿಗೆ ಹೊಂದುವುದಿಲ್ಲ.

ಒಮ್ಮೆ ನಾವು ಮಾಡಿದ ಟಿ ಶರ್ಟ್ ಸ್ಯಾಂಪಲನ್ನು ನನ್ನ ಚಿಕ್ಕಮ್ಮನಿಗೆ ತೊಡಿಸಿ ಮನೆ ಹತ್ತಿರದ ಕೆರೆಯ ಸುತ್ತ ಅವರ ಜೊತೆ ನಡೆದೆ. ಉದ್ದ 25 ಇಂಚು, ಎಲ್ಲರೂ ಇಡುವ ಅಳತೆಯೇ. ಅವರು ಪ್ರತಿ ಹತ್ತು ಹನ್ನೆರಡು ಹೆಜ್ಜೆಗೆ ಎಡಗೈ ಹಿಂದಕ್ಕೆ ಒಯ್ದು ಅಂಗಿಯನ್ನು ಕೆಳಗೆ ಎಳೆದುಕೊಳ್ಳುತ್ತಿದ್ದರು. ಬಹುಶಃ ಅವರಿಗೇ ಅದು ಗೊತ್ತಿರಲಿಲ್ಲ. "ಬಟ್ಟೆ ಚೆನ್ನಾಗಿದೆ ಕಣೇ, ಆದರೆ ಶೂ ಲೇಸು ಕಟ್ಟಲು ಬಗ್ಗಿದರೆ ಬೆನ್ನು ಕಾಣಿಸುತ್ತದೆ" ಎಂದರು. ಮುಂದಿನ ಸ್ಯಾಂಪಲ್‌ಗೆ ಉದ್ದವನ್ನು 29 ಇಂಚು ಮಾಡಿ, ಎರಡೂ ಪಕ್ಕದಲ್ಲಿ ಐದು ಇಂಚಿನ ಸೀಳು ಬಿಟ್ಟು, ಪ್ಯಾಂಟಿನ ಪಕ್ಕಕ್ಕೆ ಮೊಬೈಲ್ ಜೇಬು ಇಟ್ಟೆವು. ಆ ದಿನ ಕೈ ಹಿಂದಕ್ಕೆ ಹೋಗಲಿಲ್ಲ. ಹೀಗೆ ಹಿಂದೆ ನಡೆದು ನೋಡದೆ ಯಾವ ಚಿತ್ರದಿಂದಲೂ ಆ ನಾಲ್ಕು ಇಂಚು ನಮಗೆ ತಿಳಿಯುತ್ತಿರಲಿಲ್ಲ.

ಒಂದು ಗುಂಪನ್ನು ಹಿಡಿಯಿರಿ. ಮೈಸೂರಿನ ಗೋಕುಲಂ ಕಡೆ ದೇಶವಿದೇಶಗಳಿಂದ ಅಷ್ಟಾಂಗ ಯೋಗ ಕಲಿಯಲು ಬರುವವರನ್ನು ನಂಬಿ ಕಲೆಕ್ಷನ್ ಕಟ್ಟಬಹುದು. ಬೆಂಗಳೂರಿನ ಕಬ್ಬನ್ ಪಾರ್ಕಿನ ಓಟಗಾರರಿಗಾಗಿಯೂ ಕಟ್ಟಬಹುದು. ಎರಡನ್ನೂ ಒಂದೇ ಮೊದಲ ಕಲೆಕ್ಷನ್‌ನಲ್ಲಿ ತುರುಕಲು ಹೋದರೆ ಎರಡೂ ಅರೆಬರೆಯಾಗುತ್ತವೆ.

ಹತ್ತಿ, ಪಾಲಿಯೆಸ್ಟರ್, ನೈಲಾನ್

ಇಲ್ಲಿ ಅವಸರ ಮಾಡಬೇಡಿ. ಕಲೆಕ್ಷನ್ ಗೆಲ್ಲುವುದೂ ಸೋಲುವುದೂ ಬಹುಮಟ್ಟಿಗೆ ಇಲ್ಲಿಯೇ.

ನೂಲು ಗಾಳಿಯಲ್ಲಿನ ತೇವವನ್ನು ಎಷ್ಟು ಹೀರಿಟ್ಟುಕೊಳ್ಳುತ್ತದೆ ಎಂಬುದಕ್ಕೆ ಜವಳಿ ಪ್ರಯೋಗಾಲಯಗಳಲ್ಲಿ ಒಂದು ಅಳತೆಯಿದೆ. ಹತ್ತಿ ತನ್ನ ಒಣ ತೂಕದ ಶೇ 8ರ ಆಸುಪಾಸು, ನೈಲಾನ್ ಶೇ 4ರ ಆಸುಪಾಸು, ಪಾಲಿಯೆಸ್ಟರ್ ಶೇ 0.4ರಷ್ಟು ಮಾತ್ರ. ಈ ಮೂರು ಅಂಕಿಗಳನ್ನು ನೆನಪಿಟ್ಟುಕೊಂಡರೆ ಮುಂದಿನ ಅರ್ಧ ಪ್ರಶ್ನೆಗಳಿಗೆ ಉತ್ತರ ತಾನಾಗಿ ಸಿಗುತ್ತದೆ. ಹತ್ತಿ ಬೆವರನ್ನು ತನ್ನೊಳಗೆ ಎಳೆದುಕೊಂಡು ಕೂರುತ್ತದೆ, ಭಾರವಾಗುತ್ತದೆ, ಮೈಗೆ ಅಂಟುತ್ತದೆ. ಪಾಲಿಯೆಸ್ಟರ್ ನೀರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಎಳೆಗಳ ನಡುವಿನ ಸಂದಿಯಲ್ಲಿ ಬೆವರು ಹರಡಿ ಮೇಲ್ಮೈಗೆ ಬಂದು ಆರುತ್ತದೆ. ಹಾಗೆ ಹರಡುವಂತೆ ನೂಲಿನ ಆಕಾರವೋ ಹೆಣಿಗೆಯೋ ಫಿನಿಶಿಂಗೋ ಇರಬೇಕು. ಬರೀ ಪಾಲಿಯೆಸ್ಟರ್ ಆದ ಮಾತ್ರಕ್ಕೆ ಬೆವರು ಸಾಗುತ್ತದೆ ಎಂದು ತಿಳಿಯಬಾರದು.

ಹಾಗಾದರೆ ಹತ್ತಿ ಬೇಡವೇ? ಊರು ಯಾವುದು ಎಂದು ಕೇಳಬೇಕು. ಕಲಬುರಗಿಯ, ಬಳ್ಳಾರಿಯ ಒಣ ಬಿಸಿಲಿನಲ್ಲಿ ತೆಳು ಹತ್ತಿಯಂಗಿ ಬೆವರನ್ನು ಹೀರಿ ಗಾಳಿಗೆ ಬೇಗ ಬಿಟ್ಟುಕೊಡುತ್ತದೆ, ಮೈ ತಣ್ಣಗಾಗುತ್ತದೆ. ಅದೇ ಅಂಗಿ ಮಂಗಳೂರಿನ ಆಷಾಢದಲ್ಲಿ ಎರಡು ದಿನ ಹಗ್ಗದ ಮೇಲಿದ್ದರೂ ತಣುಪು ಆರುವುದಿಲ್ಲ, ಮೂರನೆಯ ದಿನ ಮುಗ್ಗಲು ವಾಸನೆ. ಕರಾವಳಿಯ ಗಿರಾಕಿಗೆ ಹತ್ತಿಯ ಯೋಗ ಪ್ಯಾಂಟ್ ಮಾರುವವರು ಒಂದು ಮಳೆಗಾಲ ಅದನ್ನು ತಾವೇ ಒಗೆದು ಒಣಗಿಸಿ ನೋಡಬೇಕು. ಬೆಂಗಳೂರು, ಮೈಸೂರಿನ ಹವೆಯಲ್ಲಿ ಯೋಗಕ್ಕೆ, ನಿಧಾನ ವಾಕಿಂಗಿಗೆ ಹತ್ತಿ ಶೇ 95, ರಬ್ಬರಿನಂತೆ ಹಿಗ್ಗಿ ಕುಗ್ಗುವ ಸ್ಪ್ಯಾಂಡೆಕ್ಸ್ ನೂಲು ಶೇ 5 ಇರುವ ಬಟ್ಟೆ ಇವತ್ತಿಗೂ ಒಳ್ಳೆಯ ಆಯ್ಕೆ. ಓಟಕ್ಕೆ ಎಲ್ಲಿಯೂ ಬೇಡ.

ಪಾಲಿಯೆಸ್ಟರ್ ಅಗ್ಗ, ಬಣ್ಣ ಗಟ್ಟಿ, ಬೇಗ ಒಣಗುತ್ತದೆ. ಅದರ ದೊಡ್ಡ ದೋಷ ವಾಸನೆ. ಚರ್ಮದ ಎಣ್ಣೆಯಂಶ ಅದಕ್ಕೆ ಅಂಟಿಕೊಳ್ಳುತ್ತದೆ, ಒಗೆದರೂ ಪೂರ್ತಿ ಬಿಡುವುದಿಲ್ಲ, ಮತ್ತೆ ಬೆವರಿದ ಕೂಡಲೇ ಹಳೆಯ ವಾಸನೆ ಏಳುತ್ತದೆ. ನೈಲಾನ್ ಮುಟ್ಟಿದರೆ ತಣ್ಣಗೆ, ನುಣ್ಣಗೆ ಇರುತ್ತದೆ, ಉಜ್ಜಿದರೂ ಬೇಗ ಸವೆಯುವುದಿಲ್ಲ. ಬೆಲೆ ಮಾತ್ರ ಪಾಲಿಯೆಸ್ಟರಿಗಿಂತ ಹೆಚ್ಚು. ಬಿಸಿಲಿಗೆ ಬಿಟ್ಟರೆ ತಿಳಿಬಣ್ಣದ ನೈಲಾನ್ ಹಳದಿಗೆ ತಿರುಗುವುದೂ ಉಂಟು. ನನ್ನ ತೀರ್ಪು ಹೀಗಿದೆ: ಮೇಲಂಗಿ ಪಾಲಿಯೆಸ್ಟರಿನದಾಗಲಿ, ಮೈಗೆ ಬಿಗಿಯಾಗಿ ಕೂರುವ ಲೆಗಿಂಗ್ಸ್‌ಗೆ ಕೈಯಲ್ಲಿ ಹಣವಿದ್ದರೆ ನೈಲಾನ್ ಮತ್ತು ಸ್ಪ್ಯಾಂಡೆಕ್ಸ್ ಕೂಡಿದ ಬಟ್ಟೆಯೇ ಆಗಲಿ. ಹಣ ಸಾಲದಿದ್ದರೆ ಒಂದು ಬಣ್ಣ ಕಡಿಮೆ ಮಾಡಿ ಬಟ್ಟೆಗೆ ಹಾಕಿ.

ತೂಕವನ್ನು ಜಿಎಸ್‌ಎಂ ಎಂಬ ಲೆಕ್ಕದಲ್ಲಿ ಹೇಳುತ್ತಾರೆ, ಅಂದರೆ ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ಎಂದು. ಓಟದ ಟಿ ಶರ್ಟ್‌ಗೆ 130ರಿಂದ 160, ಲೆಗಿಂಗ್ಸ್‌ಗೆ 220ರಿಂದ 280 ಸಾಮಾನ್ಯ. ಲೆಗಿಂಗ್ಸ್ ಬಟ್ಟೆಯನ್ನು ಅಂಗಡಿಯ ಟ್ಯೂಬ್ ಲೈಟಿನಲ್ಲಿ ನೋಡಿ ಕೊಳ್ಳಬೇಡಿ. ಕಿಟಕಿಯ ಬೆಳಕಿಗೆ ಹಿಡಿದು, ಎರಡೂ ಕೈಯಿಂದ ಮೊಣಕಾಲಿನ ಮೇಲೆ ಎಳೆದು ಹಿಡಿಯಿರಿ. ಚರ್ಮದ ಬಣ್ಣ ಕಂಡರೆ ಅದು ಕುಕ್ಕರುಗಾಲಲ್ಲಿ ಕೂತಾಗಲೂ ಕಾಣುತ್ತದೆ. ಆಮೇಲೆ ಪೆನ್ನಿನಿಂದ 10 ಸೆಂಟಿಮೀಟರ್ ದೂರಕ್ಕೆ ಎರಡು ಗೆರೆ ಹಾಕಿ, 15 ಸೆಂಟಿಮೀಟರ್ ಆಗುವಷ್ಟು ಎಳೆದು ಒಂದು ನಿಮಿಷ ಹಿಡಿದು ಬಿಡಿ. ಐದು ನಿಮಿಷದ ನಂತರ ಅಳೆದಾಗ ಹತ್ತೂವರೆಗಿಂತ ಹೆಚ್ಚು ಉಳಿದರೆ ನಾನು ಆ ಬಟ್ಟೆಯನ್ನು ಬಿಡುತ್ತೇನೆ. ಅದರಿಂದ ಹೊಲಿದ ಪ್ಯಾಂಟಿನ ಮೊಣಕಾಲು ತಿಂಗಳೊಳಗೆ ಚೀಲದಂತೆ ಜೋತುಬೀಳುತ್ತದೆ. ಮನೆಯಲ್ಲಿ ಐದು ಸಲ ಒಗೆಯಿರಿ, ಒದ್ದೆ ಬಿಳಿ ಕರವಸ್ತ್ರದಿಂದ ಉಜ್ಜಿ ಬಣ್ಣ ಬಿಡುತ್ತದೆಯೇ ನೋಡಿ. ಮನೆಯ ಪರೀಕ್ಷೆಯಲ್ಲಿ ಗೆದ್ದ ಬಟ್ಟೆಯನ್ನು ಮಾತ್ರ ಪ್ರಯೋಗಾಲಯಕ್ಕೆ ಕಳಿಸಿ. ಬೆವರಿಗೆ, ಒಗೆತಕ್ಕೆ, ಉಜ್ಜುವಿಕೆಗೆ ಬಣ್ಣ ನಿಲ್ಲುವ ಪರೀಕ್ಷೆ ಮತ್ತು ಗುಂಜು ಏಳುವ ಪರೀಕ್ಷೆ, ಈ ನಾಲ್ಕು ಸಾಕು. ಕೊಯಮತ್ತೂರಿನ ಸಿತ್ರಾ ಎಂಬ ಜವಳಿ ಸಂಶೋಧನಾ ಸಂಸ್ಥೆಯಲ್ಲಿ ಇಂಥ ಪರೀಕ್ಷೆಗಳು ನಡೆಯುತ್ತವೆ.

ಹೆಸರುಗಳ ವಿಷಯದಲ್ಲಿಯೂ ಎಚ್ಚರ ಬೇಕು. ನಮ್ಮ ಮಾರುಕಟ್ಟೆಯಲ್ಲಿ ಬೇಗ ಒಣಗುವ ಎಲ್ಲವೂ "ಡ್ರೈ ಫಿಟ್", ಎಳೆಯುವ ಎಲ್ಲವೂ "ಲೈಕ್ರಾ". ಡ್ರೈ ಫಿಟ್ ನೈಕಿ ಕಂಪನಿಯ ನೋಂದಾಯಿತ ಹೆಸರು, ಲೈಕ್ರಾ ಕೂಡ ಒಂದು ಕಂಪನಿಯ ಬ್ರ್ಯಾಂಡ್. ಬಟ್ಟೆ ಕೊಳ್ಳುವಾಗ ಆ ಮಾತು ಆಡಬಹುದು, ನಿಮ್ಮ ಲೇಬಲಿನಲ್ಲಿ ಅಚ್ಚು ಹಾಕಬಾರದು. ಸ್ಪ್ಯಾಂಡೆಕ್ಸ್ ಅಥವಾ ಇಲಾಸ್ಟೇನ್ ಎಂದು ಬರೆಯಿರಿ.

ಮರುಬಳಕೆಯ ಪಾಲಿಯೆಸ್ಟರ್ ಎಂದು ಹೇಳಿ ಮಾರುವ ಆಸೆಯಿದ್ದರೆ ಜಿಆರ್‌ಎಸ್ (ಗ್ಲೋಬಲ್ ರೀಸೈಕಲ್ಡ್ ಸ್ಟ್ಯಾಂಡರ್ಡ್) ಪ್ರಮಾಣಪತ್ರವನ್ನು, ಅದರಲ್ಲೂ ನೀವು ಕೊಂಡ ಲಾಟಿನದ್ದನ್ನೇ ಕೇಳಿ ಪಡೆಯಿರಿ. ಪತ್ರವಿಲ್ಲದಿದ್ದರೆ ಆ ಮಾತು ಲೇಬಲಿಗೆ ಬರಬಾರದು.

ತಿರುಪ್ಪೂರು, ಸೂರತ್, ಲುಧಿಯಾನ, ಇಲ್ಲವೇ ಬೆಂಗಳೂರು

ಹತ್ತಿಯ ಹೆಣಿಗೆ ಬಟ್ಟೆಗೆ ತಿರುಪ್ಪೂರಿನಂಥ ಊರು ದೇಶದಲ್ಲಿ ಇನ್ನೊಂದಿಲ್ಲ. ಬೆಂಗಳೂರಿನಲ್ಲಿ ರಾತ್ರಿ ಬಸ್ ಹತ್ತಿದರೆ ಬೆಳಿಗ್ಗೆ ಅಲ್ಲಿರುತ್ತೀರಿ. ನೂಲು, ಹೆಣಿಗೆ, ಬಣ್ಣ, ಪ್ರಿಂಟ್, ಹೊಲಿಗೆ, ಇಲಾಸ್ಟಿಕ್, ಲೇಬಲ್ ಎಲ್ಲವೂ ಆಟೋದಲ್ಲಿ ಸುತ್ತುವಷ್ಟು ದೂರದಲ್ಲಿ ಸಿಗುತ್ತವೆ. ಈಚೆಗೆ ಪಾಲಿಯೆಸ್ಟರ್ ಹೆಣಿಗೆಯೂ ಅಲ್ಲಿ ಬೆಳೆಯುತ್ತಿದೆ. ಆದರೆ ನಿಮ್ಮದೇ ಬಣ್ಣ ಹಾಕಿಸುವುದು ಚಿಕ್ಕವರಿಗೆ ಕಷ್ಟ. ನೊಯ್ಯಲ್ ನದಿ ಬಣ್ಣದ ನೀರಿನಿಂದ ಹಾಳಾಗಿ, 2011ರಲ್ಲಿ ಮದ್ರಾಸ್ ಹೈಕೋರ್ಟ್ ಆದೇಶದಿಂದ ಅಲ್ಲಿನ ಡೈಯಿಂಗ್ ಘಟಕಗಳು ಬಾಗಿಲು ಹಾಕಬೇಕಾಯಿತು. ಕೊಳಚೆ ನೀರನ್ನು ಹೊರಗೆ ಬಿಡದೆ ಪೂರ್ತಿ ಶುದ್ಧೀಕರಿಸಿ ಮರುಬಳಸುವ ಏರ್ಪಾಡು ಇದ್ದರೆ ಮಾತ್ರ ಈಗ ಘಟಕ ನಡೆಸಬಹುದು. ಅದು ಸರಿಯಾದ ನಿಯಮ, ಆಗಲೇಬೇಕಾಗಿತ್ತು. ಅದರ ಖರ್ಚು ಬಣ್ಣದ ದರದಲ್ಲಿ ಸೇರಿದೆ. ಮೂವತ್ತು ನಲವತ್ತು ಕೆಜಿಯ ಲಾಟಿಗೆ ಯಂತ್ರ ತುಂಬಿಸಲು ಯಾರೂ ಮುಂದೆ ಬರುವುದಿಲ್ಲ, ಬಂದರೂ ದರ ಏರುತ್ತದೆ.

ಸೂರತ್ ಪಾಲಿಯೆಸ್ಟರಿನ ಊರು. ಬೆಲೆ ಚೆನ್ನಾಗಿ ಕುದುರುತ್ತದೆ, ಆಯ್ಕೆ ಅಪಾರ. ಆದರೆ ಕೊರಿಯರಿನಲ್ಲಿ ಬಂದ ಅಂಗೈಯಗಲದ ತುಂಡನ್ನು ನೋಡಿ ಇಲ್ಲಿಂದ ಆರ್ಡರ್ ಕೊಡುವವರಿಗೆ ಬಂದಿಳಿದ ಥಾನಿನ ಬಣ್ಣ ಆ ತುಂಡಿನ ಬಣ್ಣವೇ ಆಗಿರುತ್ತದೆ ಎಂಬ ಭರವಸೆಯಿಲ್ಲ. ಲುಧಿಯಾನ ಸ್ವೆಟರಿನ, ಹೊಸಿಯರಿಯ ಊರು, ಟ್ರ್ಯಾಕ್ ಸೂಟ್ ಮತ್ತು ಚಳಿಯ ಉಡುಪಿಗೆ ಒಳ್ಳೆಯದು. ನಮ್ಮ ಹವೆಗೆ ಮಾಡುವವರು ಮೊದಲ ಸುತ್ತಿನಲ್ಲಿ ಅಷ್ಟು ದೂರ ಹೋಗಬೇಕಾಗಿಲ್ಲ.

ಬೆಂಗಳೂರಿನ ಬಲ ಬಟ್ಟೆಯಲ್ಲಿಲ್ಲ, ಕೈಗಳಲ್ಲಿದೆ. ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗಳಲ್ಲಿ ಹೊರದೇಶದ ದೊಡ್ಡ ಬ್ರ್ಯಾಂಡ್‌ಗಳಿಗೆ ಹೊಲಿದು ಪಳಗಿದ ಹೆಣ್ಣುಮಕ್ಕಳು ಸಾವಿರಾರು ಜನ ಇದ್ದಾರೆ. ಅಂಥ ಕಾರ್ಖಾನೆಗಳಲ್ಲಿ ವರ್ಷಾನುಗಟ್ಟಲೆ ದುಡಿದು ಹೊರಬಂದು ಹತ್ತು ಹದಿನೈದು ಯಂತ್ರ ಇಟ್ಟುಕೊಂಡವರ ಚಿಕ್ಕ ಘಟಕಗಳು ಅದೇ ಬೀದಿಗಳಲ್ಲಿವೆ. 300 ಪೀಸಿಗೆ ನಾನು ಹುಡುಕುವುದು ಅವರನ್ನೇ. ಬಟ್ಟೆಯನ್ನು ತಿರುಪ್ಪೂರಿನಲ್ಲಿ ಸಿದ್ಧ ದಾಸ್ತಾನಿನಿಂದ ಆರಿಸಿ ತರುವುದು, ಹೊಲಿಗೆಯನ್ನು ಬೆಂಗಳೂರಿನಲ್ಲಿ ಕಣ್ಣೆದುರಿಗೆ ಮಾಡಿಸುವುದು. ಮೊದಲ ಕಲೆಕ್ಷನ್‌ಗೆ ಇದಕ್ಕಿಂತ ಸುರಕ್ಷಿತ ಹಾದಿ ನನಗೆ ಕಂಡಿಲ್ಲ. ಸಿದ್ಧ ದಾಸ್ತಾನಿನಲ್ಲಿ ನಿಮಗೆ ಬೇಕಾದ ಬಣ್ಣ ಸಿಗದಿರಬಹುದು. ಕಪ್ಪು, ಕಡುನೀಲಿ, ಮರೂನ್ ಯಾವಾಗಲೂ ಸಿಗುತ್ತವೆ, ನಮ್ಮಲ್ಲಿ ಹೆಚ್ಚು ಮಾರುವುದೂ ಅವೇ.

ಸಿದ್ಧ ಮಾಲು, ಜಾಬ್ ವರ್ಕ್, ಪೂರ್ತಿ ಗುತ್ತಿಗೆ

ಹೊಲಿದಿಟ್ಟ ಸಾದಾ ಟಿ ಶರ್ಟ್ ಕೊಂಡು ನಿಮ್ಮ ಲೇಬಲ್ ಹಾಕಿ ಮಾರುವುದು ಮೊದಲ ದಾರಿ. ಹಣ ಕಡಿಮೆ, ಸಮಯ ಕಡಿಮೆ, ನಿಮ್ಮದೆನ್ನುವುದೂ ಕಡಿಮೆ. ಊರಿನ ಓಟದ ಸ್ಪರ್ಧೆಗೋ ಯೋಗ ಶಾಲೆಯ ವಾರ್ಷಿಕೋತ್ಸವಕ್ಕೋ ಇದು ಸಾಕು. ಬ್ರ್ಯಾಂಡ್ ಕಟ್ಟಲು ಸಾಲದು, ಏಕೆಂದರೆ ಪಕ್ಕದವರು ನಾಳೆ ಅದೇ ಅಂಗಿಯನ್ನು ತರಬಹುದು.

ಪೂರ್ತಿ ಗುತ್ತಿಗೆಯಲ್ಲಿ ಬಟ್ಟೆಯಿಂದ ಪ್ಯಾಕಿಂಗಿನವರೆಗೆ ಕಾರ್ಖಾನೆಯದ್ದೇ ಜವಾಬ್ದಾರಿ. ನೀವು ಟೆಕ್ ಪ್ಯಾಕ್, ಅಂದರೆ ಉಡುಪಿನ ಚಿತ್ರ, ಅಳತೆ, ಬಟ್ಟೆ, ಹೊಲಿಗೆಯ ವಿವರವೆಲ್ಲ ಇರುವ ಕಡತ ಕೊಡುತ್ತೀರಿ, ಅವರು ಪೀಸಿಗಿಷ್ಟು ಎಂದು ದರ ಹೇಳುತ್ತಾರೆ. ಬಣ್ಣವೊಂದಕ್ಕೆ ಐನೂರು ಸಾವಿರ ಪೀಸು ಮಾಡಿಸಬಲ್ಲವರಿಗೆ ಇದು ಹೇಳಿ ಮಾಡಿಸಿದ್ದು. ಕಡಿಮೆ ಪೀಸಿಗೆ ಒಪ್ಪಿಕೊಂಡ ಕಾರ್ಖಾನೆ ನಿಮ್ಮ ಕೆಲಸವನ್ನು ದೊಡ್ಡ ಆರ್ಡರ್‌ಗಳ ಸಂದಿಯಲ್ಲಿ ಮಾಡುತ್ತದೆ. ಸೀಸನ್ ಕಳೆದ ಮೇಲೆ ಮಾಲು ಬಂದದ್ದನ್ನು ನಾನು ನೋಡಿದ್ದೇನೆ.

ನಡುವಿನ ದಾರಿ ಜಾಬ್ ವರ್ಕ್. ಬಟ್ಟೆ, ಇಲಾಸ್ಟಿಕ್, ದಾರ, ಲೇಬಲ್ ನಿಮ್ಮದು. ಕಟಿಂಗ್, ಹೊಲಿಗೆ, ಚೆಕಿಂಗ್, ಪ್ಯಾಕಿಂಗ್ ಅವರದು. ನಾನು ಮೊದಲ ಸಲದವರನ್ನು ಈ ದಾರಿಗೇ ಹಚ್ಚುತ್ತೇನೆ. ಓಡಾಟ ಹೆಚ್ಚು, ತಲೆಬಿಸಿ ಹೆಚ್ಚು, ಆದರೆ ಒಂದು ಪೀಸಿಗೆ ಎಲ್ಲಿ ಎಷ್ಟು ಹೋಗುತ್ತದೆ ಎಂಬುದು ಬೆರಳ ತುದಿಗೆ ಬರುತ್ತದೆ. ಒಂದು ಲೆಕ್ಕ ನೋಡಿ. 60 ಇಂಚು ಅಗಲದ, 250 ಜಿಎಸ್‌ಎಂ ಬಟ್ಟೆಯ ಒಂದು ಮೀಟರ್ ಸುಮಾರು 380 ಗ್ರಾಂ ತೂಗುತ್ತದೆ. ಹೆಣಿಗೆ ಬಟ್ಟೆಯನ್ನು ಮಾರುವುದು ಕೆಜಿ ಲೆಕ್ಕದಲ್ಲಿ. ಒಂದು ಲೆಗಿಂಗ್ಸ್‌ಗೆ ಸರಾಸರಿ ಒಂದು ಮೀಟರ್ ಹಿಡಿದರೆ, ಕಟಿಂಗ್ ವೇಸ್ಟ್ ಸೇರಿ ಒಂದು ಕೆಜಿಗೆ ಎರಡೂವರೆ ಪೀಸು, 300 ಪೀಸಿಗೆ 120 ಕೆಜಿ. ಕೆಜಿಗೆ 600 ರೂಪಾಯಿ ಎಂದಿಟ್ಟುಕೊಂಡರೆ ಬಟ್ಟೆಗೇ ಪೀಸಿಗೆ 240 ರೂಪಾಯಿ ಆಯಿತು. ಅದೇ ಬಟ್ಟೆ 280 ಜಿಎಸ್‌ಎಂ ಬಂದರೆ? ಕೆಜಿ ದರ ಒಂದೇ ಇದ್ದರೂ ಪೀಸಿನ ಖರ್ಚು ಏರುತ್ತದೆ, 120 ಕೆಜಿಯಲ್ಲಿ 300 ಪೀಸು ಬರುವುದೂ ಇಲ್ಲ. ಆದ್ದರಿಂದ ಥಾನು ಬಂದ ದಿನವೇ ಜಿಎಸ್‌ಎಂ ತೂಗಿ ನೋಡುವುದು ಕಡ್ಡಾಯ.

ಜಾಬ್ ವರ್ಕ್‌ನಲ್ಲಿ ನನಗೆ ಆದ ಒಂದು ನಷ್ಟವನ್ನು ಇಲ್ಲಿ ಹೇಳಲೇಬೇಕು. ಸ್ಪ್ಯಾಂಡೆಕ್ಸ್ ಬಟ್ಟೆ ಥಾನಿನಲ್ಲಿ ಬಿಗಿಯಾಗಿ ಸುತ್ತಿಕೊಂಡಿರುತ್ತದೆ. ಬಿಚ್ಚಿ ಮೇಜಿನ ಮೇಲೆ ಸಡಿಲವಾಗಿ ಹರಡಿ ಕನಿಷ್ಠ 24 ಗಂಟೆ ಬಿಡಬೇಕು, ಆಗ ಅದು ತನ್ನ ಸಹಜ ಅಳತೆಗೆ ಮರಳುತ್ತದೆ. ಒಂದು ಘಟಕದವರು ನನ್ನ ಅವಸರ ನೋಡಿ, ಬೆಳಿಗ್ಗೆ ಬಂದ ಥಾನನ್ನು ಮಧ್ಯಾಹ್ನವೇ ಕತ್ತರಿಸಿದರು. ಎರಡು ದಿನದ ನಂತರ ಹೊಲಿದ ಪೀಸುಗಳನ್ನು ಅಳೆದರೆ ಒಳಗಾಲಿನ ಉದ್ದ ಒಂದೊಂದರಲ್ಲಿ ಮುಕ್ಕಾಲು ಇಂಚು, ಒಂದೊಂದರಲ್ಲಿ ಒಂದೂಕಾಲು ಇಂಚು ಕಡಿಮೆ. ಎಲ್ ಎಂದು ಲೇಬಲ್ ಹಾಕಿದ್ದು ಎಂ ಆಗಿ ಕೂತಿತ್ತು. ತಪ್ಪು ಕತ್ತರಿಸಿದವರದಷ್ಟೇ ಅಲ್ಲ, ಅವಸರಪಡಿಸಿದ ನನ್ನದೂ ಹೌದು. ಅಂದಿನಿಂದ "ಬಟ್ಟೆ ಬಿಚ್ಚಿದ ದಿನಾಂಕ, ಗಂಟೆ" ಎಂಬ ಸಾಲನ್ನು ಕಟಿಂಗ್ ಚೀಟಿಯಲ್ಲಿ ಬರೆಸದೆ ಕತ್ತರಿ ಹಾಕಲು ಬಿಡುವುದಿಲ್ಲ.

ಹೊಲಿಗೆ ಮತ್ತು ಪ್ರಿಂಟ್

ಘಟಕದವರನ್ನು "ಫ್ಲ್ಯಾಟ್‌ಲಾಕ್ ಇದೆಯೇ" ಎಂದು ಕೇಳಿದರೆ ಎಲ್ಲರೂ ಇದೆ ಎನ್ನುತ್ತಾರೆ. ನಮ್ಮ ಕಡೆ ಆ ಹೆಸರಿನಲ್ಲಿ ಕರೆಯುವುದು ಟಿ ಶರ್ಟಿನ ಕೆಳ ಅಂಚು ಮಡಚಿ ಹೊಲಿಯುವ ಯಂತ್ರವನ್ನು. ಓಟದ ಲೆಗಿಂಗ್ಸ್‌ಗೆ ಬೇಕಾದದ್ದು ನಾಲ್ಕು ಸೂಜಿ, ಆರು ದಾರದ ಯಂತ್ರ. ಅದು ಎರಡು ಅಂಚುಗಳನ್ನು ಚಪ್ಪಟೆಯಾಗಿ ಕೂಡಿಸುತ್ತದೆ, ಒಳಗೆ ಏಣು ಉಳಿಯುವುದಿಲ್ಲ. "ನಾಲ್ಕು ಸೂಜಿ ಆರು ದಾರ" ಎಂದೇ ಕೇಳಿ, ಯಂತ್ರವನ್ನು ಕಣ್ಣಿನಿಂದ ನೋಡಿ. ಓಟಕ್ಕೆ ಇದು ಬೇಕೇ ಬೇಕು. ವಾಕಿಂಗ್ ಪ್ಯಾಂಟಿಗೆ ಅಂಚನ್ನು ದಾರದಿಂದ ಸುತ್ತಿ ಹೊಲಿಯುವ ಓವರ್‌ಲಾಕ್ ಸಾಕು, ದಾರ ಮೆತ್ತಗಿರಲಿ. ಎರಡೂ ಕಾಲು ಕೂಡುವ ಜಾಗದಲ್ಲಿ ವಜ್ರಾಕಾರದ ತುಂಡು ಇಡಿಸುವುದನ್ನು ಮಾತ್ರ ಎಲ್ಲಿಯೂ ಬಿಡಬೇಡಿ. ಅದಿಲ್ಲದೆ ನಾಲ್ಕು ಹೊಲಿಗೆ ಒಂದೇ ಬಿಂದುವಿನಲ್ಲಿ ಸೇರಿ ಅಲ್ಲಿಯೇ ಮೊದಲು ಬಿಚ್ಚುತ್ತದೆ.

ಪ್ರಿಂಟಿಗೆ ಸಬ್ಲಿಮೇಷನ್, ಅಂದರೆ ಕಾಗದದ ಮೇಲಿನ ಬಣ್ಣವನ್ನು ಬಿಸಿಯಿಂದ ಬಟ್ಟೆಗೆ ಇಳಿಸುವುದು, ಪಾಲಿಯೆಸ್ಟರಿಗೆ ಹೇಳಿ ಮಾಡಿಸಿದ್ದು. ಬಣ್ಣ ನೂಲಿನೊಳಕ್ಕೇ ಹೋಗುತ್ತದೆ, ಸುಲಿಯುವುದಿಲ್ಲ, ಹತ್ತು ಪೀಸಿಗೂ ಮಾಡಿಕೊಡುತ್ತಾರೆ. ಕಬಡ್ಡಿ, ಕ್ರಿಕೆಟ್ ಜೆರ್ಸಿಗಳಿಗೆ ಇದೇ ಸರಿ. ಬಿಗಿ ಲೆಗಿಂಗ್ಸ್‌ಗೆ ಬೇಡ. ಎಳೆದಾಗ ಒಳಗಿನ ಬಿಳಿ ಇಣುಕುತ್ತದೆ. ಹತ್ತಿಗೆ ಇದು ಹಿಡಿಯುವುದೇ ಇಲ್ಲ. ಕೆಂಪು, ಮರೂನ್ ಪಾಲಿಯೆಸ್ಟರಿನ ಮೇಲೆ ಬಿಳಿ ಲೋಗೋ ಹಾಕಿಸುವವರು ಹೀಟ್ ಟ್ರಾನ್ಸ್‌ಫರ್ ಮಾಡಿದ, ಅಂದರೆ ಲೋಗೋವನ್ನು ಬಿಸಿಯಿಂದ ಒತ್ತಿ ಅಂಟಿಸಿದ ಒಂದು ಸ್ಯಾಂಪಲನ್ನು ಒಂದು ವಾರ ಮಡಚಿಟ್ಟು ನೋಡಬೇಕು. ಬಟ್ಟೆಯ ಬಣ್ಣ ಬಿಸಿಗೆ ಮೇಲೆದ್ದು ಬಿಳಿ ಲೋಗೋ ಗುಲಾಬಿಯಾಗುತ್ತದೆ. ಬಣ್ಣ ತಡೆಯುವ ಪದರವಿರುವ ಟ್ರಾನ್ಸ್‌ಫರ್ ಕೇಳಿ ಹಾಕಿಸಿ.

ಹೆಚ್ಚು ಬಣ್ಣವೋ, ಹೆಚ್ಚು ಸೈಜೋ

ನಾಲ್ಕು ಡಿಸೈನ್, ಮೂರು ಬಣ್ಣ, ಆರು ಸೈಜು ಎಂದರೆ 72 ಬಗೆ. 300 ಪೀಸನ್ನು 72ಕ್ಕೆ ಹಂಚಿದರೆ ಒಂದೊಂದಕ್ಕೆ ನಾಲ್ಕು ಪೀಸು. ಮೊದಲ ವಾರ ಎಲ್ ಮುಗಿಯುತ್ತದೆ, ಎಕ್ಸ್‌ಎಸ್ ವರ್ಷವಿಡೀ ಕೂತಿರುತ್ತದೆ. ಎರಡು ಡಿಸೈನ್, ಎರಡು ಬಣ್ಣ, ಆರು ಸೈಜು ಎಂದರೆ 24 ಬಗೆ, ಒಂದೊಂದಕ್ಕೆ ಹನ್ನೆರಡು ಹದಿಮೂರು. ವ್ಯಾಪಾರ ಉಸಿರಾಡುವುದು ಇಲ್ಲಿ.

ಕಡಿಮೆ ಮಾಡಬೇಕಾದಾಗ ಎಲ್ಲರೂ ಸೈಜಿಗೆ ಕತ್ತರಿ ಹಾಕುತ್ತಾರೆ. ಅದು ದೊಡ್ಡ ತಪ್ಪು ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ವ್ಯಾಯಾಮ ಶುರು ಮಾಡಲು ಧೈರ್ಯ ತಂದುಕೊಂಡು ಬಂದ ದಪ್ಪ ಮೈಯವಳಿಗೆ "ನಿಮ್ಮ ಸೈಜು ಇಲ್ಲ" ಎನ್ನುವ ಅಂಗಡಿ ಅವಳ ಆ ಧೈರ್ಯವನ್ನೇ ಕಿತ್ತುಕೊಳ್ಳುತ್ತದೆ. ಬಣ್ಣ ಬಿಡಿ, ಸೈಜು ಬಿಡಬೇಡಿ. ಹಾಗೆಂದು ಎಂ ಸೈಜಿನ ಪ್ಯಾಟರ್ನ್ ಅನ್ನೇ, ಅಂದರೆ ಬಟ್ಟೆ ಕತ್ತರಿಸುವ ಅಚ್ಚನ್ನೇ, ಸುತ್ತಲೂ ಹಿಗ್ಗಿಸುತ್ತಾ ಹೋದರೆ 3ಎಕ್ಸ್‌ಎಲ್ ಆಗುವುದಿಲ್ಲ. ತೋಳು ಮೊಣಕೈ ಮುಟ್ಟುತ್ತದೆ, ಕುತ್ತಿಗೆ ಅಗಲವಾಗಿ ಭುಜ ಜಾರುತ್ತದೆ. 2ಎಕ್ಸ್‌ಎಲ್‌ನಿಂದ ಮೇಲಕ್ಕೆ ಬೇರೆ ಬೇಸ್ ಪ್ಯಾಟರ್ನ್ ತೆಗೆಯಲು ಪ್ಯಾಟರ್ನ್ ಮಾಸ್ಟರ್‌ಗೆ ಹೇಳಿ, ಅದಕ್ಕೆ ಬೇರೆ ಸ್ಯಾಂಪಲ್ ಮಾಡಿಸಿ, ಆ ಮೈಕಟ್ಟಿನವರಿಗೇ ತೊಡಿಸಿ ನೋಡಿ.

ಸ್ಪೋರ್ಟ್ಸ್ ಬ್ರಾ ಮೊದಲ ಕಲೆಕ್ಷನ್‌ನಲ್ಲಿ ಬೇಡ. ಎದೆಯ ಸುತ್ತಳತೆ, ಕಪ್ ಅಳತೆ, ಪಟ್ಟಿಯ ಬಿಗಿ, ಇವು ಕೂಡಿದಾಗ ಸೈಜುಗಳ ಸಂಖ್ಯೆ ಎಲ್ಲೆ ಮೀರುತ್ತದೆ. ಓಡುವವರಿಗೆ ಸರಿಯಾದ ಆಧಾರ ಕೊಡದ ಬ್ರಾ ನೋವು ಕೊಡುತ್ತದೆ. ಅದನ್ನು ಮಾಡಲು ಬೇರೆಯೇ ಪರಿಣತಿ ಬೇಕು.

ಬೆಲೆ

2025ರ ಸೆಪ್ಟೆಂಬರ್ 22ರಿಂದ ಪೀಸಿಗೆ 2,500 ರೂಪಾಯಿವರೆಗಿನ ಸಿದ್ಧ ಉಡುಪಿಗೆ ಜಿಎಸ್‌ಟಿ ಶೇ 5, ಅದನ್ನು ದಾಟಿದರೆ ಶೇ 18. ಗೆರೆಯ ಸ್ವಲ್ಪವೇ ಆಚೆ ಬೆಲೆ ಇಟ್ಟರೆ ಗಿರಾಕಿಗೆ ಭಾರ, ನಿಮಗೆ ಲಾಭವಿಲ್ಲ. ಬೆಲೆ ಕಟ್ಟುವಾಗ ಸ್ಯಾಂಪಲ್ ಖರ್ಚು, ಪರೀಕ್ಷೆಯ ಖರ್ಚು, ಚೆಕಿಂಗ್‌ನಲ್ಲಿ ತಳ್ಳಿಹೋಗುವ ಪೀಸುಗಳು, ಸೈಜು ಸರಿಬರದೆ ಮರಳಿ ಬರುವ ಪೀಸುಗಳ ಕೊರಿಯರ್ ಇವನ್ನೂ ಸೇರಿಸಿ. ಆನ್‌ಲೈನಿನಲ್ಲಿ ಬಿಗಿಯುಡುಪು ಮಾರುವವರಿಗೆ ಈ ಕೊನೆಯದೇ ಹೆಚ್ಚು ಪೆಟ್ಟು ಕೊಡುತ್ತದೆ. ಸೈಜ್ ಚಾರ್ಟಿನಲ್ಲಿ ಬಟ್ಟೆಯ ಅಳತೆಯ ಜೊತೆಗೆ ಮೈಯ ಅಳತೆಯನ್ನೂ ಇಂಚಿನಲ್ಲಿ ಕೊಟ್ಟರೆ ವಾಪಸಾತಿ ಕಡಿಮೆಯಾಗುತ್ತದೆ.

ಸಿದ್ಧ ಬಟ್ಟೆ ತಂದು ಜಾಬ್ ವರ್ಕ್ ಮಾಡಿಸಿದರೆ ಮೊದಲ ಸ್ಯಾಂಪಲ್‌ನಿಂದ ಮಾಲು ಕೈಸೇರುವವರೆಗೆ ಎರಡು ತಿಂಗಳು ಹಿಡಿಯಿರಿ. ನಿಮ್ಮದೇ ಬಣ್ಣ ಹಾಕಿಸುವುದಾದರೆ ನಾಲ್ಕು ತಿಂಗಳು. ಅದರಲ್ಲಿ ಸ್ಯಾಂಪಲಿಗೇ ಮೂರು ವಾರ ಮೀಸಲಿಡಿ: ಮೊದಲನೆಯದು ಆಕಾರಕ್ಕೆ, ಎರಡನೆಯದು ಮೈಗೆ ಕೂರುವುದಕ್ಕೆ, ಮೂರನೆಯದು ಎಲ್ಲ ಸೈಜಿನ ಒಂದೊಂದು. ನಾಲ್ಕನೆಯದು, ಅಸಲಿ ಬಟ್ಟೆ, ಅಸಲಿ ದಾರ, ಅಸಲಿ ಲೇಬಲ್ ಹಾಕಿದ್ದು. ಅದರ ಮೇಲೆ ನಿಮ್ಮ ಸಹಿ ಬಿದ್ದ ಮೇಲೆಯೇ ಕಟಿಂಗ್.

ಕಟಿಂಗ್ ಮುಗಿದ ದಿನ ಪ್ರತಿ ಬಣ್ಣದ ಥಾನಿನಿಂದ ಒಂದು ಮೀಟರ್ ಎತ್ತಿಡಿ. ಮೂಲೆಗೆ ಲಾಟ್ ನಂಬರ್, ಜಿಎಸ್‌ಎಂ, ಕೊಂಡ ತಾರೀಖು ಬರೆದ ಚೀಟಿ ಹೊಲಿದು, ಬೆಳಕು ಬೀಳದ ಕಪಾಟಿನಲ್ಲಿಡಿ. ಮಾಲು ಖಾಲಿಯಾಗಿ ಮತ್ತೆ ತಿರುಪ್ಪೂರಿಗೆ ಹೋದಾಗ ಅಂಗಡಿಯವರು "ಅದೇ ಕಡುನೀಲಿ, ಮೇಡಂ" ಎಂದು ಬೇರೊಂದು ಥಾನು ಬಿಚ್ಚುತ್ತಾರೆ. ಆಗ ಚೀಲದಿಂದ ನಿಮ್ಮ ತುಂಡನ್ನು ತೆಗೆದು, ಎರಡನ್ನೂ ಹಿಡಿದುಕೊಂಡು ಅಂಗಡಿಯ ಬಾಗಿಲಿನಾಚೆ ಬಿಸಿಲಿಗೆ ಬನ್ನಿ.